ಬ್ಲೇಡು, ಟೇಪು, ಜಾಝು

ಬಳ್ಳಾರಿಯೊಳಗ ಹಾಡು ಕೇಳೋ ಗೆಳೆಯರು ಸೇರಿದಾಗ ಆಡಿದ ಮಾತಿದು. ಫೋನಿನಾಗ ರೆಕಾರ್ಡ್ ಆಗಿದ್ದನ್ನ ಕೇಳಿ ಕೇಳಿ ಬರದೀನಿ. ಅಲ್ಲಿ ಸ್ಪೀಕರಿನಾಗ ಹಾಕಿದ್ದನ್ನ ಇಲ್ಲಿ ಕೇಳಸಾಕ ಆಗಂಗಿಲ್ಲ, ಅದಕ್ಕ ಅಲ್ಲಲ್ಲಿ ಒಂದೆರಡು ಮಾತು ಜಾಸ್ತಿ ಸೇರಿಸೀನಿ.

ನಮಸ್ಕಾರ್ರಿ ಎಲ್ಲಾರಿಗೂ. ಈಗ ನೀವು ಕೇಳಿದ್ದು ಹತ್ತತ್ರ ಇಪ್ಪತ್ತು ನಿಮಿಷದ ಪೀಸು, ಮೈಲ್ಸ್ ಡೇವಿಸ್ ಅನ್ನೋ ಅಮೆರಿಕದ ಜಾಝ್ ಟ್ರಂಪೆಟ್ ವಾದಕರದ್ದು, 'ಇನ್ ಎ ಸೈಲೆಂಟ್ ವೇ' ಅನ್ನೋ ಎಲ್‌ಪಿಯ, ಅಂದ್ರ ಹಾಡಿನ ದೊಡ್ಡ ತಟ್ಟಿಯ, ಎರಡನೇ ಮಗ್ಗಲು. ಮೊದಲ ನಾಕು ನಿಮಿಷ ತಣ್ಣಗ ಐತಿ, ತಾಳ ಇಲ್ಲ, ನಮ್ಮ ಕಡಿ ಆಲಾಪ ನಡದಂಗ. ಆಮ್ಯಾಲೆ ಡ್ರಮ್ಮು ಬರ್ತೈತಿ, ಬೇಸ್ ಅನ್ನೋ ದೊಡ್ಡ ಪಿಟೀಲು ಒಂದ ಸಾಲು ಹಿಡ್ಕೊಂಡು ಕುಂದರ್ತೈತಿ, ಕೀಬೋರ್ಡಿನ ಮೂರು ಮಂದಿ ಒಬ್ಬರ ಸಂದಿಯೊಳಗ ಒಬ್ಬರು ತೂರ್ಕೋತ ಹೋಗ್ತಾರ, ಕಡೀಗೆ ಎಲ್ಲಾರೂ ಮತ್ತ ಅದ ಆಲಾಪಕ್ಕ ವಾಪಸ್ ಬಂದು ಮುಗಸ್ತಾರ. ಎಷ್ಟು ಚಂದ ವಾಪಸ್ ಬಂದ್ರಲ್ಲ ಅಂತ ಹಿಂದ ಕುಂತ ಅಣ್ಣಾರು ತಲಿದೂಗಿದ್ದು ನಾನು ನೋಡಿದೆ. ಅಣ್ಣಾರ, ಅವ್ರು ವಾಪಸ್ ಬಂದ ಇಲ್ರಿ. ಮೊದಲಿನ ನಾಕು ನಿಮಿಷದ ಟೇಪು ಐತಲ್ಲ, ಅದನ್ನ ಕಾಪಿ ಮಾಡಿ ಕೊನಿಗೆ ಅಂಟಿಸ್ಯಾರ. ಅದ ಗಿಟಾರು, ಅದ ಉಸಿರು, ಒಂದು ಎಳಿ ಬದಲಾಗಿಲ್ಲ. ಅಂಟಿಸಿದವರು ಟಿಯೋ ಮ್ಯಾಸೆರೋ, ಕೊಲಂಬಿಯಾ ರೆಕಾರ್ಡ್ ಕಂಪನಿಯ ಪ್ರೊಡ್ಯೂಸರ್. ಇವತ್ತಿನ ಮಾತು ಅವರ ಬಗ್ಗೆ, ಅವರಂಥವರ ಬಗ್ಗೆ.

ನಾನು ಯಾಕ ಮಾತಾಡ್ಬೇಕು ಅಂದ್ರ, ನಂದೂ ಅದ ಕಸುಬು. ಕೊಪ್ಪಳದಾಗ ಸಣ್ಣದೊಂದು ರೆಕಾರ್ಡಿಂಗ್ ರೂಮ್ ಐತಿ. ಭಜನಿ ಪದ, ತತ್ವಪದ, ಗವಿಮಠದ ಜಾತ್ರಿ ಹತ್ರ ಬಂತಂದ್ರ ಭಕ್ತಿಗೀತಿ, ಎಲೆಕ್ಷನ್ ಬಂತಂದ್ರ ಆಟೋ ಮ್ಯಾಲೆ ಹಾಕೋ ಪ್ರಚಾರದ ಹಾಡು. ಹಾಡಾವ್ರು ಹಾಡಿ ಚಾ ಕುಡದು ಊರಿಗೆ ಹೋಗ್ತಾರ, ಆಮ್ಯಾಲೆ ರಾತ್ರಿ ನಾನೊಬ್ಬನ ಕುಂತು ಕತ್ತರಸ್ತೀನಿ. ಬ್ಯಾಸಗಿಯೊಳಗ ಫ್ಯಾನ್ ಬಂದ್ ಮಾಡಿ ರೆಕಾರ್ಡ್ ಮಾಡಬೇಕಾಗ್ತೈತ್ರಿ, ಮೈಕು ಫ್ಯಾನಿನ ಸಪ್ಪಳ ಬಿಡಂಗಿಲ್ಲ, ಹಿಂಗಾಗಿ ಹಾಡಾವ್ರಿಗೂ ಅವಸರ, ನನಗೂ ಅವಸರ, ಉಳಿದ ಕೆಲಸ ಎಲ್ಲಾ ಕಂಪ್ಯೂಟರ್ ಮ್ಯಾಲೆ ಬೀಳ್ತೈತಿ. ಹಿಂಗ ಕತ್ತರಿಸಿ ಜೋಡ್ಸೋ ಕೈಯಿ ಸಂಗೀತದವ್ರ ಸಾಲಿನಾಗ ಕುಂದರಬೇಕೋ, ಕರೆಂಟಿನ ಕೆಲಸದವ್ರ ಸಾಲಿನಾಗೋ? ಸಂಗೀತದವ್ರ ಸಾಲಿನಾಗ ಅಂತ ನನ್ನ ವಾದ. ಆದ್ರ ಎಲ್ಲಾ ಕತ್ತರಿಗೂ ಆ ಜಾಗ ಸಿಗಬಾರದು, ಅದನ್ನೂ ಹೇಳ್ತೀನಿ.

ಕುಂತಲ್ಲೇ ಹುಟ್ಟೋ ಸಂಗೀತ ಬಳ್ಳಾರಿ ಮಂದಿಗೆ ಹೊಸದೇನಲ್ಲ. ದರೋಜಿ ಈರಮ್ಮನವರು ಬುರ್ರಕಥಿ ಹಾಡಿದ್ದು ಪುಸ್ತಕ ಮುಂದಿಟ್ಕೊಂಡಲ್ಲ, ಇಡೀ ಕಥಿ ನೆನಪಿನಾಗಿಂದ ಬರ್ತಿತ್ತು. ಹಿಂದೂಸ್ತಾನಿಯವ್ರಿಗಂತೂ ರಾಗ ಕೈಯಾಗ ಇದ್ರ ಸಾಕು. ಜಾಝಿನವ್ರದೂ ಹತ್ತಿರದ್ದ ದಾರಿ, ಒಂದು ಟ್ಯೂನ್ ಹೇಳ್ತಾರ, ಅದರ ಕೆಳಗಿನ ಸ್ವರಗುಂಪು ತಿರಗಾಕತ್ತಿರ್ತೈತಿ, ಅದರ ಮ್ಯಾಲೆ ಒಬ್ಬೊಬ್ಬರು ತಮ್ಮ ಪಾಳಿ ಬಂದಾಗ ಹೊಸದಾಗಿ ನುಡಸ್ತಾರ. ಹಂಗ ನುಡಿಸಿದ್ದು ಹೋತು ಅಂದ್ರ ಹೋತು. ರೆಕಾರ್ಡಿಂಗ್ ಬಂದಾಗ ಭಾಳ ವರ್ಷ ಮೈಕು ಅಂದ್ರ ಬರೇ ಸಾಕ್ಷಿ, ಆ ರಾತ್ರಿ ಏನಾತು ಅಂತ ಬರಕೊಳ್ಳೋ ಗುಮಾಸ್ತ, ಅಷ್ಟ.

ಅದನ್ನ ಮೊದ್ಲ ಕೆಣಕಿದವರೊಳಗ ಜಾಝ್ ವಾದಕ ಸಿಡ್ನಿ ಬೆಶೇ ಒಬ್ರು. 1941ರಾಗ ಒಬ್ರ ಕ್ಲಾರಿನೆಟ್, ಎರಡು ಥರದ ಸ್ಯಾಕ್ಸೊಫೋನ್, ಪಿಯಾನೋ, ಬೇಸ್, ಡ್ರಮ್ ಎಲ್ಲಾ ತಾವ ನುಡಿಸಿ ಒಂದರ ಮ್ಯಾಲೊಂದು ಕೂಡಿಸಿದ್ರು. ಆಗ ಟೇಪಿಲ್ಲ, ರೆಕಾರ್ಡಿನ ಒಂದು ತಟ್ಟಿಯಿಂದ ಇನ್ನೊಂದು ತಟ್ಟಿಗೆ ಕಾಪಿ, ಪ್ರತಿ ಸಲಾನೂ ಹಳೇ ವಾದ್ಯದ ಸಪ್ಪಳ ಒಂದೀಟು ಮಬ್ಬಾಗ್ತಿತ್ತು. 1955ರಾಗ ಲೆನ್ನಿ ಟ್ರಿಸ್ಟಾನೋ ಪಿಯಾನೋನ ಬ್ಯಾರೆ ರೆಕಾರ್ಡ್ ಮಾಡಿ, ಟೇಪಿನ ವೇಗ ಬದಲಿಸಿ ಕೂಡಿಸ್ಯಾರ ಅಂತ ಗೊತ್ತಾದಾಗ ಜಾಝ್ ಮಂದಿ ದೊಡ್ಡ ತಕರಾರು ತಗದ್ರು. 1963ರಾಗ ಬಿಲ್ ಇವಾನ್ಸ್ ತಮ್ಮ ಪಿಯಾನೋ ಮ್ಯಾಲೆ ತಾವ ಎರಡು ಸಲ ನುಡಿಸಿ ಮೂರು ಪಿಯಾನೋದ ರೆಕಾರ್ಡ್ ಮಾಡಿದ್ರು, ಅದಕ್ಕ ಗ್ರ್ಯಾಮಿ ಪ್ರಶಸ್ತಿ ಕೊಟ್ರು. ಎಂಟು ವರ್ಷದಾಗ ಮಂದಿ ಕಿವಿ ಎಷ್ಟು ಬದಲಾತು ನೋಡ್ರಿ. ಆದ್ರೂ ಇವೆಲ್ಲಾ ಕೂಡ್ಸೋ ಲೆಕ್ಕ. ಆದದ್ದನ್ನ ಕಳದು, ಜಾಗ ಬದ್ಲಿ ಮಾಡಿ, ಬ್ಯಾರೆ ಹಾಡ ಕಟ್ಟೋದು ಆಮ್ಯಾಲೆ ಬಂತು.

1969ರ ಫೆಬ್ರುವರಿ 18, ನೀವು ಮೊದ್ಲ ಕೇಳಿದ 'ಇನ್ ಎ ಸೈಲೆಂಟ್ ವೇ' ರೆಕಾರ್ಡ್ ಆದ ದಿನ. ನ್ಯೂಯಾರ್ಕಿನ 30ನೇ ಸ್ಟ್ರೀಟಿನಾಗ ಕೊಲಂಬಿಯಾದವ್ರ ಸ್ಟುಡಿಯೋ ಇತ್ತು. ಜಾನ್ ಮೆಕ್ಲಾಗ್ಲಿನ್ ಅನ್ನೋ ಗಿಟಾರಿನ ಹುಡುಗ ಇಂಗ್ಲೆಂಡಿಂದ ಆಗಷ್ಟ ಬಂದಿದ್ದ, ಬೆವರ ಆರಿರಲಿಲ್ಲ, ಮೈಲ್ಸ್ ಕರದು ಕುಂದರಿಸಿದ್ರು. ಕೀಬೋರ್ಡಿನವ್ರೊಳಗ ಒಬ್ರಾದ ಜೋ ಝಾವಿನುಲ್ ಬರಕೊಂಡು ಬಂದ ಟ್ಯೂನಿನಾಗ ಸ್ವರಗುಂಪು ಭಾಳಿದ್ವು, ಮೈಲ್ಸ್ ಅವನ್ನೆಲ್ಲಾ ತಗಿಸಿ ಬರೇ ಎಳಿ ಉಳಿಸಿದ್ರು. ಗಿಟಾರ್ ಬಾರಿಸಾಕ ಬರಲಾರದವ್ರಂಗ ಬಾರಿಸು ಅಂತ ಮೆಕ್ಲಾಗ್ಲಿನ್‌ಗೆ ಹೇಳಿದ್ರಂತ, ಆ ಮಾತು ಮೆಕ್ಲಾಗ್ಲಿನ್ ಅವರ ಆಮ್ಯಾಲೆ ಎಷ್ಟೋ ಕಡಿ ಹೇಳ್ಯಾರ. ಒಂದ ದಿನದ ಕೆಲಸ. ಉಳಿದಿದ್ದು ಮ್ಯಾಸೆರೋ ಮತ್ತ ಮೈಲ್ಸ್ ಎಡಿಟಿಂಗ್ ರೂಮಿನಾಗ ಮಾಡಿದ್ದು. ಭಾಳ ಕತ್ತರಿಸಿದ್ರು, ಎಷ್ಟು ಕತ್ತರಿಸಿದ್ರಂದ್ರ ಎಲ್‌ಪಿಗೆ ಸಾಲದಷ್ಟು ಕಡಿಮಿ ಆತು, ಅದಕ್ಕ ಚಲೋ ಇದ್ದ ಭಾಗಾನ ಎರಡೆರಡು ಸಲ ಇಟ್ರು. ಮೊದಲ ಮಗ್ಗಲಿನಾಗೂ ಅಷ್ಟ, ಶುರುವಿನ ತುಂಡು ಕೊನಿಗೆ ಮತ್ತ ಬರ್ತೈತಿ. ಹಾಡಿನ ಆಕಾರ ನುಡಿಸೋವಾಗ ಯಾರ ತಲಿಯೊಳಗೂ ಇರಲಿಲ್ರಿ, ಅದು ಬ್ಲೇಡಿನಿಂದ ಬಂತು.

ಬ್ಲೇಡು ಅಂದ್ರ ಖರೇನ ಬ್ಲೇಡು. ಇಲ್ಲಿ ಕುಂತ ಹುಡುಗ್ರು ಯಾರೂ ನೋಡಿರಲಿಕ್ಕಿಲ್ಲ, ಸ್ವಲ್ಪ ಬಿಡಿಸಿ ಹೇಳ್ತೀನಿ. ಸ್ಟುಡಿಯೋದ ಟೇಪು ಸೆಕೆಂಡಿಗೆ 15 ಇಂಚು ಓಡ್ತೈತಿ. ಅಂದ್ರ ಒಂದು ಸೆಕೆಂಡಿನ ಹಾಡು ನಿಮ್ಮ ಅಂಗೈಯಿಂದ ಮೊಣಕೈ ತನಕ ಬರ್ತೈತಿ, ಕಾಲ ಅನ್ನೋದು ಅಳತಿ ಪಟ್ಟಿಗೆ ಸಿಗ್ತೈತಿ. ಎಲ್ಲಿ ಕತ್ತರಿಸಬೇಕೋ ಅಲ್ಲಿಗೆ ಟೇಪ್ ನಿಲ್ಲಿಸಿ, ಎರಡೂ ಚಕ್ರ ಎರಡು ಕೈಯಾಗ ಹಿಡದು ಹಿಂದ ಮುಂದ ತಿರಗಸ್ತಾರ. ಸ್ಪೀಕರಿನಾಗ ಗೊರ್ರ್ ಗೊರ್ರ್ ಅಂತ ಸಪ್ಪಳ ಬರ್ತೈತಿ, ಡ್ರಮ್ಮಿನ ಏಟು ಎಲ್ಲಿ ಹುಟ್ತೈತೋ ಅಲ್ಲಿ ಗೊರ್ರ್ ಅನ್ನೋದು ಟಕ್ ಅಂತೈತಿ. ಅಲ್ಲಿ ಮೇಣದ ಪೆನ್ಸಿಲಿನಿಂದ ಗುರುತು ಹಾಕಿ, ಟೇಪನ್ನ ಉದ್ದಕ ತೋಡು ಕೊರದ ಲೋಹದ ಅಚ್ಚಿನಾಗ ಕುಂದರಿಸಿ, ಓರಿ ಮಾಡಿ ಕುಯ್ತಾರ. ನೆಟ್ಟಗ ಕುಯ್ದ್ರ ಟಪ್ ಅಂತ ಸಪ್ಪಳ ಆಗ್ತೈತಿ. ಕಾಲಿಂಚು ಅಗಲದ ಟೇಪನ್ನ 45 ಡಿಗ್ರಿ ಓರಿ ಕುಯ್ದ್ರ ಒಂದು ಹಾಡು ಹೋಗಿ ಇನ್ನೊಂದು ಬರಾಕ ಕಾಲಿಂಚು ಹಿಡಿತೈತಿ, 15 ಇಂಚಿನ ವೇಗದಾಗ ಅಂದ್ರ ಸೆಕೆಂಡಿನ ಅರವತ್ತನೇ ಒಂದು ಭಾಗ. ಅಷ್ಟರಾಗ ಕಿವಿ ಮೋಸ ಹೋಗ್ತೈತಿ. ಇವತ್ತು ನಾನು ಮೌಸ್ ಎಳದು ಕ್ರಾಸ್‌ಫೇಡ್ ಹಾಕ್ತೀನಲ್ಲ, ಅದೂ ಇದ. ಒಂದ ಫರಕು ಏನಂದ್ರ ನನಗೆ ಅನ್‌ಡೂ ಐತಿ, ಅವರಿಗೆ ಇರಲಿಲ್ಲ. ಕುಯ್ದದ್ದು ತಪ್ಪಿದ್ರ ನೆಲದ ಮ್ಯಾಲೆ ಬಿದ್ದ ತುಂಡು ಹುಡುಕಬೇಕಾಗಿತ್ತು.

ನಿಮ್ಮ ಬಳ್ಳಾರಿ ಜೀನ್ಸ್ ಯೂನಿಟ್ಟಿನಾಗ ಕಟಿಂಗ್ ಮಾಸ್ಟರ್ ಇರ್ತಾರಲ್ರಿ, ಅವರ ಕೈ ತಪ್ಪಿದ್ರ ಹೊಲಿಯೋರು ಎಷ್ಟು ಚಲೋ ಹೊಲಿದ್ರೂ ಪ್ಯಾಂಟು ಮೈಮ್ಯಾಲೆ ಕುಂದ್ರಂಗಿಲ್ಲ. ಮ್ಯಾಸೆರೋ ಅವರದ್ದು ಆ ಜಾಗ. ಅವರು ಮೂಲತಃ ಸ್ಯಾಕ್ಸೊಫೋನ್ ನುಡಿಸೋರು, ಜುಲಿಯಾರ್ಡ್ ಅನ್ನೋ ಸಂಗೀತ ಶಾಲಿಯೊಳಗ ಕಲತ ಕಂಪೋಸರ್, ಜಾಝ್ ಬೇಸ್ ವಾದಕ ಚಾರ್ಲ್ಸ್ ಮಿಂಗಸ್ ಜೊತಿ ನುಡಿಸಿದವರು. ಬಟನ್ ಒತ್ತೋ ಆಫೀಸರ್ ಅಲ್ಲ. ಇದು ಭಾಳ ಮುಖ್ಯ.

ಅದ 1969ರ ಆಗಸ್ಟ್ 19, 20, 21, ಮೂರು ದಿನ, ಮೈಲ್ಸ್ ಅವರ 'ಬಿಚಸ್ ಬ್ರೂ' ಎಲ್‌ಪಿಯ ರೆಕಾರ್ಡಿಂಗ್. ಹಿಂದಿನ ದಿನ ಮುಂಜಾನಿ ಅಷ್ಟ ವುಡ್‌ಸ್ಟಾಕ್ ಅನ್ನೋ ದೊಡ್ಡ ರಾಕ್ ಉತ್ಸವದಾಗ ಜಿಮಿ ಹೆಂಡ್ರಿಕ್ಸ್ ನುಡಿಸಿ ಗಿಟಾರ್ ಕೆಳಗಿಟ್ಟಿದ್ದ. ಸ್ಟುಡಿಯೋದಾಗ ಒಬ್ಬರಿಗಿಂತ ಜಾಸ್ತಿ ಡ್ರಮ್ಮಿನವ್ರು, ಎರಡು ಬೇಸು, ಎಲೆಕ್ಟ್ರಿಕ್ ಪಿಯಾನೋ ಮ್ಯಾಲೆ ಎಲೆಕ್ಟ್ರಿಕ್ ಪಿಯಾನೋ, ಬೆನ್ನಿ ಮಾಪಿನ್ ಅವರ ಬೇಸ್ ಕ್ಲಾರಿನೆಟ್ ಕೆಳಗ ಗುಂಯ್ ಅಂತೈತಿ. ಮೈಲ್ಸ್ ನಡುವ ನಿಂತು ಕೈ ಸನ್ನಿ ಮಾಡ್ತಾರ, ನೀ ಬಾ, ನೀ ನಿಲ್ಲು ಅಂತ. ಟೇಪು ನಿಲ್ಲಂಗಿಲ್ಲ, ಓಡ್ಕೋತ ಇರ್ತೈತಿ. ಬರದ ಸಂಗೀತ ಭಾಳ ಕಡಿಮಿ. ಆಮ್ಯಾಲೆ ಮ್ಯಾಸೆರೋ ಕುಂತ್ರು. ಮೊದಲನೇ ಪೀಸು 'ಫೇರೋಸ್ ಡ್ಯಾನ್ಸ್' ಇಪ್ಪತ್ತು ನಿಮಿಷದ್ದು, ಅದರಾಗ ಲೆಕ್ಕ ಹಾಕಿದವ್ರು ಹತ್ತೊಂಬತ್ತರ ಸುತ್ತಮುತ್ತ ಕಟ್ ಹುಡುಕ್ಯಾರ. ಎಲ್ಲಾ ಕಟ್ಟೂ ಮುಚ್ಚಾಕ ಮಾಡಿದ್ದಲ್ರಿ. ಒಂದು ಕಡಿ ಸೆಕೆಂಡಿನಷ್ಟು ತುಣುಕನ್ನ ಮ್ಯಾಲಿಂದ ಮ್ಯಾಲೆ ಅಂಟಿಸ್ಯಾರ, ಹಾಡು ತೊದಲಿದಂಗ ಆಗ್ತೈತಿ, ಅದು ಬೇಕಂತ. ಟ್ರಂಪೆಟ್ಟಿಗೆ ಟೇಪ್ ಎಕೋ ಹಾಕ್ಯಾರ, ಒಂದು ಊದು ನಾಕಾಗಿ ಬರ್ತೈತಿ, ಆ ನಾಕರ ಸಂದಿಯೊಳಗ ಬ್ಯಾಂಡು. (ಇಲ್ಲಿ ಆ ಭಾಗ ಎರಡು ಸಲ ಹಾಕಿ ಕೇಳಿಸಿದೆ. ಎರಡನೇ ಸಲ ಮಂದಿ ನಕ್ಕರು, ಸಿಕ್ಕಿಬಿದ್ದ ಕಳ್ಳನ್ನ ನೋಡಿ ನಗ್ತಾರಲ್ಲ ಹಂಗ.)

ಹಾರ್ಮೋನಿಯಂ ಕಲಸೋ ಮಾಸ್ತರ್ ಒಬ್ರು ಮುಂದ ಕುಂತಿದ್ರು, ಇಲ್ಲಿಗೆ ತಡಕೊಳ್ಳಾಕ ಆಗಲಿಲ್ಲ ಅವರಿಗೆ, ಎದ್ದು ನಿಂತು ಕೇಳಿದ್ರು: "ತಮ್ಮಾ, ಹಂಗಾದ್ರ ಇದು ಮೋಸ ಅಲ್ಲೇನು? ಕಛೇರಿಯೊಳಗ ಗವಾಯಿ ಸಮ್ಮಿಗೆ ಬರಲಿಲ್ಲ ಅಂದ್ರ ನಾವು ಕತ್ತರಿ ಹಾಕಿ ತರ್ತೀವೇನು?"

ಮಾಸ್ತರ್ ಕೇಳಿದ್ದು ಬರೋಬ್ಬರಿ ಐತ್ರಿ. ಸಮ್ಮು ಅಂದ್ರ ತಾಳದ ಸುತ್ತಿನ ಮೊದಲ ಏಟು. ಸಮ್ಮಿಗೆ ಬರಲಾರದವನನ್ನ ಎಳಕೊಂಡು ಬಂದು ಸಮ್ಮಿನ ಮ್ಯಾಲೆ ಕುಂದರಿಸಿದ್ರ ಅದು ಮೋಸನ. ಇವತ್ತು ಸ್ಟುಡಿಯೋಗಳೊಳಗ ಹಗಲೂ ರಾತ್ರಿ ನಡಿಯೋದು ಅದ. ಆಟೋಟ್ಯೂನ್ ಅಂತ ಐತಲ್ಲ, 1997ರಾಗ ಬಂತು, ಅದನ್ನ ಮಾಡಿದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕಿಂತ ಮೊದ್ಲ ಎಣ್ಣಿ ಹುಡುಕೋ ಕಂಪನಿಗಳ ಸಲುವಾಗಿ ಭೂಮಿಯೊಳಗಿನ ಸಪ್ಪಳದ ಲೆಕ್ಕ ಹಾಕೋ ಕೆಲಸ ಮಾಡ್ತಿದ್ರು. ಅದ ಗಣಿತಾನ ಗಂಟಲಿಗೆ ತಂದ್ರು. ಯಂತ್ರ ಏನು ಮಾಡ್ತೈತಿ ಅಂದ್ರ ಹಾಡಾವ್ರ ಸ್ವರ ಎಲ್ಲೈತಿ ನೋಡಿ ಪಿಯಾನೋದ ಹತ್ತಿರದ ಮನಿಗೆ ದಬ್ಬತೈತಿ. ನಮ್ಮ ತತ್ವಪದದವ್ರ ಗಾಂಧಾರ ಪಿಯಾನೋದ ಮನಿಯೊಳಗ ಎಲ್ರಿ ಐತಿ? ಅದು ಎರಡು ಮನಿ ನಡುವ ಓಣಿಯೊಳಗ ಓಡಾಡ್ತಿರ್ತೈತಿ. ನಮ್ಮ ಕಡಿಯ ಹಿರೇರೊಬ್ರು ಹಾಡಿದ ಪದ ಒಂದು ಸ್ಟುಡಿಯೋದಿಂದ ಬಂದದ್ದನ್ನ ಕೇಳಿದೆ, ಹೆಸರು ಬ್ಯಾಡ, ಒಂದು ಸ್ವರದಿಂದ ಇನ್ನೊಂದಕ್ಕ ಅವ್ರು ಜಾರೋ ಜಾಗದಾಗೆಲ್ಲಾ ಮೆಟ್ಟಲು ಕಡದಿಟ್ಟಾರ. ದಮ್ಮಡಿಗೂ ಗಡಿಯಾರದಂಗ ಟಿಕ್ ಟಿಕ್ ಅನ್ನೋ ಕ್ಲಿಕ್ ಹಾಕಿ ನೆಟ್ಟಗ ಮಾಡ್ಯಾರ. ಅವರ ಮಗ ನನ್ನ ಹತ್ರ ಬಂದು ಅಪ್ಪಾರ ದನಿ ಅಪ್ಪಾರಂಗ ಕೇಳ್ಸವಲ್ದು ಅಂತ ಅಂದ. ಮೂಲ ಟೇಕ್, ಅಂದ್ರ ಕೈ ಹಚ್ಚಲಾರದ ಮೊದಲಿನ ರೆಕಾರ್ಡಿಂಗ್, ಕೇಳಾಕ ಹೋದ್ರ ಅದನ್ನ ಡಿಲೀಟ್ ಮಾಡಿದ್ರು.

ಮ್ಯಾಸೆರೋ ಮಾಡಿದ್ದು ಇದರ ಉಲ್ಟಾ ಕೆಲಸ. ಅವರು ಯಾರನ್ನೂ ನೆಟ್ಟಗ ಮಾಡಲಿಲ್ಲ. ನುಡಿಸಿದ್ದು ಸೊಟ್ಟ ಇದ್ರ ಸೊಟ್ಟನ ಬಿಟ್ರು, ಆ ಸೊಟ್ಟಾನ ಎಲ್ಲಿಟ್ರ ಕಿವಿ ತಿರಗತೈತಿ ಅಂತ ನೋಡಿದ್ರು. ತಾಸುಗಟ್ಟಲೆ ಟೇಪು ಕೇಳಿ, ಇದು ಇರಲಿ, ಇದು ಹೋಗಲಿ, ಇದು ಮತ್ತೊಮ್ಮೆ ಬರಲಿ ಅನ್ನೋದು ಐತಲ್ಲ, ಆ ನಿರ್ಣಯ ಮೊದಲ ಬರದಿಟ್ಟದ್ದಲ್ಲ. ಕೇಳ್ಕೋತ ಕೇಳ್ಕೋತ ಹುಟ್ಟಿದ್ದು. ಅದಕ್ಕ ಅದೂ ನುಡಿಸಿದಂಗ ಅಂತೀನಿ ನಾನು. ಸಂಗೀತ ಒಮ್ಮೆ ವಾದ್ಯದಾಗ ಆತು, ಇನ್ನೊಮ್ಮೆ ಬ್ಲೇಡಿನಾಗ ಆತು. ಮಾಸ್ತರ್ ಕುಂತ್ರು, ಒಪ್ಪಿದ್ರು ಅಂತಲ್ಲ, ಮುಂದ ಹೇಳು ಅಂತ ಕೈ ಮಾಡಿದ್ರು.

ಮೈಲ್ಸ್ ಅವರ 1972ರ 'ಆನ್ ದ ಕಾರ್ನರ್' ನಮಗ ಹತ್ತಿರದ್ದು, ಅದರಾಗ ತಬಲಾ ಮತ್ತ ಸಿತಾರ್ ಅದಾವ. ತಬಲಾ ಬಾದಲ್ ರಾಯ್ ಅವರದ್ದು, ಇವತ್ತಿನ ಬಾಂಗ್ಲಾದೇಶದ ಕೊಮಿಲ್ಲಾದ ಕಡಿಯವರು, ನ್ಯೂಯಾರ್ಕಿನ ಇಂಡಿಯನ್ ಹೋಟ್ಲಾಗ ತಬಲಾ ನುಡಿಸ್ತಿದ್ದಾಗ ಮೆಕ್ಲಾಗ್ಲಿನ್ ಗುರುತಾಗಿ ಅಲ್ಲಿಂದ ಮೈಲ್ಸ್ ತನಕ ಹೋದವರು. ಈ ಎಲ್‌ಪಿ ಕೇಳಿದ್ರ ತಬಲಾ ಸೋಲೋ ಎಲ್ಲೈತಿ ಅಂತ ಹುಡುಕಬ್ಯಾಡ್ರಿ, ಸಿಗಂಗಿಲ್ಲ. ತಬಲಾ, ಕಾಂಗಾ, ಡ್ರಮ್ಮು, ಬೇಸು ಎಲ್ಲಾ ಒಂದ ಗದ್ದಲ ಆಗಿ ಸಂತಿ ಬೀದಿಯಾಗ ಹೊಂಟಂಗ ಹೋಗ್ತೈತಿ, ಟ್ರಂಪೆಟ್ಟು, ಸಪ್ಪಳಾನ ಬಾಯಿ ತಗದು ಮುಚ್ಚಿದಂಗ ಮಾಡೋ ವಾ-ವಾ ಪೆಡಲಿನಾಗ ಸಿಕ್ಕು ಗಿಟಾರಿನಂಗ ಕೇಳಸ್ತೈತಿ. ಬಂದಾಗ ಜಾಝ್ ವಿಮರ್ಶಕರು ಉಗದ್ರು. ಹಿಪ್ ಹಾಪ್, ಡ್ಯಾನ್ಸ್ ಮ್ಯೂಸಿಕ್ ಮಾಡೋ ಹುಡುಗ್ರು ಎಷ್ಟೋ ವರ್ಷದ ಮ್ಯಾಲೆ ಅದನ್ನ ತಲಿಮ್ಯಾಲೆ ಹೊತ್ತರು. ಇದರೊಳಗ ನನಗ ಸಿಟ್ಟು ತರ್ಸೋ ವಿಷಯ ಬ್ಯಾರೆ ಐತಿ: ಆ ಎಲ್‌ಪಿ ಬಂದಾಗ ಕವರಿನ ಮ್ಯಾಲೆ ನುಡಿಸಿದವ್ರ ಹೆಸರ ಇರಲಿಲ್ಲ. ಬಾದಲ್ ರಾಯ್ ಹೆಸರೂ ಇಲ್ಲ. ಕತ್ತರಿಸಿ ಕೂಡಿಸಿದ ಮ್ಯಾಲೆ ಯಾರದ್ದು ಯಾವ ಸಪ್ಪಳ ಅನ್ನೋದು ಕಳದುಹೋಗ್ತೈತಿ, ಆಗ ಹೆಸರು ಬರಿಯೋದು ಇನ್ನಷ್ಟು ಬೇಕಲ್ರಿ, ಕಡಿಮಿ ಅಲ್ಲ.

ಇನ್ನೊಂದು ದಾರಿ ಐತಿ, ನುಡಿಸ್ತಿರೋವಾಗನ ಟೇಪು ಉತ್ತರ ಕೊಡೋದು. 1963ರಾಗ ಟೆರ್ರಿ ರೈಲಿ ಅನ್ನೋ ಅಮೆರಿಕದ ಕಂಪೋಸರ್ ಪ್ಯಾರಿಸ್ಸಿನಾಗ ಒಂದು ನಾಟಕಕ್ಕ ಸಂಗೀತ ಮಾಡಬೇಕಾಗಿತ್ತು. ಟ್ರಂಪೆಟ್ಟಿನ ಚೆಟ್ ಬೇಕರ್ ಮತ್ತ ಅವರ ಬ್ಯಾಂಡಿನವ್ರು ಮೈಲ್ಸ್ ಅವರದ್ದ 'ಸೋ ವಾಟ್' ನುಡಿಸಿದ್ರು. ಅದನ್ನ ತುಂಡು ಮಾಡಿ ಎರಡು ಟೇಪ್ ಮಷೀನಿನಾಗ ಬಿಟ್ರು. ಒಂದ ಟೇಪು ಎರಡೂ ಮಷೀನಿನ ನಡುವ ಹಗ್ಗ ಕಟ್ಟಿದಂಗ ಓಡ್ತೈತಿ, ಮೊದಲನೇದು ಬರಕೋತೈತಿ, ಎರಡನೇದು ಓದತೈತಿ, ಓದಿದ್ದನ್ನ ಮತ್ತ ಮೊದಲನೇದಕ್ಕ ಕಳಸ್ತೈತಿ. ಮಷೀನು ಐದು ಅಡಿ ದೂರ, ಟೇಪು ಸೆಕೆಂಡಿಗೆ ಏಳೂವರೆ ಇಂಚು ಅಂತ ಇಟ್ಕೊಳ್ರಿ, ಎಂಟು ಸೆಕೆಂಡಿಗೆ ನೀವು ನುಡಿಸಿದ್ದು ತಿರುಗಿ ನಿಮ್ಮ ಹತ್ರ ಬರ್ತೈತಿ, ಹದಿನಾರಕ್ಕ ಮತ್ತ, ಸ್ವಲ್ಪ ಮಾಸಿ.

ಇದನ್ನ ಹೇಳಿದ್ರ ತಿಳಿಯಂಗಿಲ್ಲ ಅಂತ ಅಲ್ಲೇ ಮಾಡಿ ತೋರಿಸಿದ್ವಿ. ನನ್ನ ಜೊತಿ ಏಕತಾರಿ ಹಿಡಕೊಂಡು ಬಂದಿದ್ದ ಗೆಳೆಯ, ಲ್ಯಾಪ್‌ಟಾಪಿನಾಗ ಎಂಟು ಸೆಕೆಂಡಿನ ಡಿಲೇ. ಅವ ಒಂದು ಮೀಟು ಹಾಕಿದ. ಎಂಟು ಸೆಕೆಂಡ್ ಅಂದ್ರ ಭಾಳ ಉದ್ದ ಆಗ್ತೈತಿ, ಮಂದಿ ಕೆಟ್ಟೈತೇನೋ ಅಂತ ನನ್ನ ಮಕ ನೋಡಾಕತ್ತಿದ್ರು, ಅಷ್ಟರಾಗ ಅದ ಮೀಟು ಸ್ಪೀಕರಿನಾಗ ಬಂತು. ಅವ ಅದಕ್ಕ ಇನ್ನೊಂದು ಸೇರಿಸಿದ. ನಾಕೈದು ಸುತ್ತಿಗೆ ಏಕತಾರಿ ಒಂದು ಗುಂಪಾತು. ತಮಾಷಿ ಏನಂದ್ರ ಗೆಳೆಯ ದಿನಾ ಹಾಡೋ ಪದದ ಲಯ ಎಂಟು ಸೆಕೆಂಡಿಗೆ ಕೂಡಲಿಲ್ಲ, ಅವನ ತಾಳದ ಸುತ್ತು ಒಂದೀಟು ಸಣ್ಣದು, ಹಿಂಗಾಗಿ ಪ್ರತಿ ಸುತ್ತಿಗೂ ಹಳೇ ಮೀಟು ಹೊಸಾ ಜಾಗದಾಗ ಬೀಳಾಕ ಹತ್ತಿತು. ಅವ ಮೊದ್ಲ ಗಾಬರಿಯಾದ, ಆಮ್ಯಾಲೆ ಸುಮ್ಮಾದ, ಆಮ್ಯಾಲೆ ಸಂದಿ ನೋಡಿ ಒಂದೊಂದ ಮೀಟು ಇಡಾಕ ಶುರು ಮಾಡಿದ. ಕಡಿಮಿ ನುಡಿಸಿದ. ಯಂತ್ರ ಅವಗ ಕಡಿಮಿ ನುಡ್ಸೋದು ಕಲಿಸಿತು, ಹತ್ತ ನಿಮಿಷದಾಗ.

ಟೆರ್ರಿ ರೈಲಿ ಆಮ್ಯಾಲೆ 1970ರಿಂದ ಪಂಡಿತ್ ಪ್ರಾಣನಾಥರ ಹತ್ರ ಗಾಯನ ಕಲತ್ರು. ಪ್ರಾಣನಾಥರದ್ದು ಕಿರಾಣಾ ಘರಾಣಾ, ಹಿಂದೂಸ್ತಾನಿ ಗಾಯನದ ಒಂದು ಪರಂಪರಿ. ಕುಂದಗೋಳದ ಸವಾಯಿ ಗಂಧರ್ವರು, ಹುಬ್ಬಳ್ಳಿಯ ಗಂಗೂಬಾಯಿಯವರು, ಗದಗದ ನೆಲದ ಭೀಮಸೇನ ಜೋಶಿಯವರು ಹಾಡಿದ್ದೂ ಅದ ಘರಾಣಾ. ಪ್ರಾಣನಾಥರ ಇನ್ನೊಬ್ರು ಶಿಷ್ಯರು ಜಾನ್ ಹ್ಯಾಸೆಲ್, ಟ್ರಂಪೆಟ್ ವಾದಕರು. ನನಗ ಇಡೀ ವಿಷಯದಾಗ ಭಾಳ ಇಷ್ಟ ಆದವರು ಇವರ. ಟ್ರಂಪೆಟ್ಟಿನಾಗ ಮೂರ ಗುಂಡಿ, ಸ್ವರ ಮೆಟ್ಟಲು ಮೆಟ್ಟಲಾಗಿ ಬರ್ತೈತಿ, ಮೀಂಡ್, ಅಂದ್ರ ಒಂದು ಸ್ವರದಿಂದ ಇನ್ನೊಂದಕ್ಕ ಜಾರೋದು, ತಗಿಯೋದು ಹೆಂಗ? ತುಟಿಯಿಂದ. ಗುಂಡಿಗಿಂತ ತುಟಿ, ಉಸಿರು, ಬಾಯೊಳಗಿನ ಜಾಗ ನಂಬಿ, ಗಾಯಕರು ರಾಗ ತಗದಂಗ ಟ್ರಂಪೆಟ್ಟಿನಾಗ ಎಳದ್ರು. 1977ರ 'ವರ್ನಲ್ ಈಕ್ವಿನಾಕ್ಸ್' ಕೇಳ್ರಿ. 1980ರಾಗ ಇಂಗ್ಲೆಂಡಿನ ಸಂಗೀತಗಾರ ಬ್ರಯನ್ ಈನೋ ಜೊತಿ 'ಪಾಸಿಬಲ್ ಮ್ಯೂಸಿಕ್ಸ್' ಮಾಡಿದ್ರು, ಅದರಾಗ ಹಾರ್ಮನೈಸರ್ ಅನ್ನೋ ಯಂತ್ರ ಐತಿ, ನುಡಿಸಿದ ಸ್ವರಕ್ಕ ಸಮಾಂತರ ಇನ್ನೊಂದು ಸ್ವರ ಹುಟ್ಟಸ್ತೈತಿ. ಒಂದ ಮೀಂಡು ಎಳದ್ರ ಮೂರು ನಾಕು ಮೀಂಡು ಒಟ್ಟಿಗೆ ಜಾರ್ತಾವ. ಟ್ರಂಪೆಟ್ ಅಂತ ಗುರುತ ಸಿಗಂಗಿಲ್ಲ, ಯಾವ್ದೋ ಪ್ರಾಣಿಯ ಗಂಟಲು ಅನಸ್ತೈತಿ. ಆಟೋಟ್ಯೂನ್ ಸ್ವರದ ನಡುವಿನ ಓಣಿ ಮುಚ್ಚತೈತಿ ಅಂದೆನಲ್ಲ, ಈ ಯಂತ್ರದಾಗ ಹ್ಯಾಸೆಲ್ ಆ ಓಣಿಯನ್ನ ಅಗಲ ಮಾಡಿದ್ರು. ಎರಡೂ ಸ್ವರ ಎತ್ತಿ ಇಳ್ಸೋ ಯಂತ್ರನ, ಕೆಲಸ ಮಾತ್ರ ಬ್ಯಾರೆ.

ನಮ್ಮ ದೇಶದಾಗ ಇಂಥಾದ್ದು ಇರಲಿಲ್ಲೇನ್ರಿ ಅಂತ ಒಬ್ಬಾಕಿ ಹುಡುಗಿ ಕೇಳಿದ್ಲು. ಇತ್ತವ್ವಾ. ಅದ 1969ರಾಗ ಅಹಮದಾಬಾದಿನ ನ್ಯಾಷನಲ್ ಇನ್ಸ್ಟಿಟ್ಯೂಟ್ ಆಫ್ ಡಿಸೈನಿನಾಗ ಡೇವಿಡ್ ಟ್ಯೂಡರ್ ಅನ್ನೋ ಅಮೆರಿಕದ ಸಂಗೀತಗಾರರು ಬಂದು ಕರೆಂಟಿನಿಂದ ಸ್ವರ ಹುಟ್ಸೋ ಮೂಗ್ ಸಿಂಥಸೈಸರ್, ಟೇಪ್ ಮಷೀನು ಎಲ್ಲಾ ಇಟ್ಟು ಸ್ಟುಡಿಯೋ ಕಟ್ಟಿಸಿದ್ರು, ಗೀತಾ ಸಾರಾಭಾಯಿಯಂಥವರು ಅಲ್ಲಿ ಕೆಲಸ ಮಾಡ್ಯಾರ. ಆ ಟೇಪು ಭಾಳ ವರ್ಷ ಕಪಾಟಿನಾಗ ಇದ್ವು, ಹೊರಗ ಬಂದಿದ್ದು ಇತ್ತೀಚಿಗೆ. ಅದು ಜಾಝ್ ಅಲ್ಲ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ನಿನವ್ರು, ಆರ್.ಎ. ರಮಾಮಣಿಯವರು, ಸ್ಯಾಕ್ಸೊಫೋನಿನ ಚಾರ್ಲಿ ಮರಿಯಾನೋ ಜೊತಿ 1983ರಾಗ 'ಜ್ಯೋತಿ' ಅಂತ ರೆಕಾರ್ಡ್ ಮಾಡ್ಯಾರ, ಅದು ಚಲೋ ಐತಿ, ಆದ್ರ ಅದರಾಗ ಕತ್ತರಿ ಕೆಲಸ ಮುಂದ ಬರಂಗಿಲ್ಲ, ಕೂಡಿ ನುಡ್ಸೋದ ಮುಖ್ಯ.

ಕತ್ತರಿಗೂ ಒಂದು ಹದ್ದು ಐತಿ, ಅದಕ್ಕೊಂದು ಉದಾಹರಣಿ ಹೇಳ್ತೀನಿ. ಜಾಝಿನ ದೊಡ್ಡ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ 1967ರಾಗ ತೀರ್ಕೊಂಡ್ರು. ಅವರ ಹೆಂಡ್ತಿ ಆಲಿಸ್ ಕೋಲ್ಟ್ರೇನ್, ತಾವೂ ದೊಡ್ಡ ಪಿಯಾನೋ, ಹಾರ್ಪ್ ವಾದಕಿ, ಗಂಡನ ಹಳೇ ಟೇಪು ತಗೊಂಡು ಅದರ ಮ್ಯಾಲೆ ಪಿಟೀಲಿನ ಗುಂಪು ಕುಂದರಿಸಿ, ತಾವೂ ನುಡಿಸಿ, ಕೆಲವು ಕಡಿ ಬೇಸು ಬ್ಯಾರೆಯವರ ಕೈಲೆ ಹೊಸದಾಗಿ ನುಡಿಸಿಸಿ 1972ರಾಗ 'ಇನ್ಫಿನಿಟಿ' ಅಂತ ತಂದ್ರು. ಸತ್ತವರ ಸಂಗೀತ ಮುಟ್ಟಬಾರದು ಅಂತ ಮಂದಿ ಕೂಗಾಡಿದ್ರು. ನನಗ ಆಲಿಸ್ ಅವರ ಪಿಟೀಲು ಕೇಳಾಕ ಸೇರ್ತೈತಿ, ಆದ್ರ ಬೇಸ್ ನುಡಿಸಿದ್ದ ಮನುಷ್ಯಾನ್ನ ಅಳಿಸಿ ಇನ್ನೊಬ್ರನ್ನ ಕುಂದರಿಸೋದು ಮನಸಿಗೆ ಒಪ್ಪಂಗಿಲ್ಲ. ನುಡಿಸಿದವ್ರು ಒಬ್ರಿಗೊಬ್ರು ಕೇಳಿಸ್ಕೊಂಡು ನುಡಿಸಿರ್ತಾರ, ಅವರ ನಡುವಿನ ಒಂದು ಕಿವಿಯನ್ನ ಕಿತ್ತಂಗ ಆಗ್ತೈತಿ.

ಈಗಿನ ಕಾಲಕ್ಕ ಬಂದ್ರ, ಶಿಕಾಗೋದ ಡ್ರಮ್ಮರ್ ಮಕಾಯಾ ಮೆಕ್ರೇವನ್ ಒಂದು ವರ್ಷ ಒಂದ ಜಾಗದಾಗ ಬ್ಯಾರೆ ಬ್ಯಾರೆಯವರ ಜೊತಿ ಮೊದಲ ಏನೂ ಗೊತ್ತು ಮಾಡ್ಕೊಳ್ದ ನುಡಿಸಿದ್ದನ್ನ ರೆಕಾರ್ಡ್ ಮಾಡಿ, ಸುಮಾರು 48 ತಾಸಿನ ಸಾಮಾನು ಮನಿಯಾಗ ಕುಂತು ಕತ್ತರಿಸಿ 2015ರಾಗ 'ಇನ್ ದ ಮೊಮೆಂಟ್' ಮಾಡಿದ. ಇಲ್ಲಿ ಡ್ರಮ್ಮು ಹಿಡದ ಕೈನ ಕತ್ತರಿ ಹಿಡದೈತಿ, ಜಗಳನ ಇಲ್ಲ. ನಾರ್ವೆಯ ಕ್ರಿಸ್ತಿಯಾನ್‌ಸಾಂಡಿನಾಗ 2005ರಿಂದ ಪುಂಕ್ಟ್ ಅನ್ನೋ ಉತ್ಸವ ನಡಿತೈತಿ, ಒಂದು ಕಛೇರಿ ಮುಗಿದ ಕೂಡ್ಲೆ ಅದರದ್ದ ರೆಕಾರ್ಡಿಂಗ್ ತಗೊಂಡು ಬ್ಯಾರೆ ಮಂದಿ ಅಲ್ಲಿಂದಲ್ಲೇ ರೀಮಿಕ್ಸ್ ನುಡಸ್ತಾರ. ಬ್ಲೇಡು ಈಗ ಸ್ಟೇಜ್ ಹತ್ತೈತಿ.

ಹಂಗಾದ್ರ ನಾವು ಇಲ್ಲಿ ಏನು ಮಾಡಬೇಕು ಅಂತ ಹುಡುಗ್ರು ಕೇಳಿದ್ರು. ಒಬ್ಬ ಸಂಗನಕಲ್ಲಿನ ಮಾತು ತಗದ. ಬಳ್ಳಾರಿಯಿಂದ ಹತ್ತಿರದಾಗ ಐತಿ, ಸಂಗನಕಲ್ಲು ಕಪ್ಪಗಲ್ಲಿನ ಗುಡ್ಡದಾಗ ಕರೇ ಕಲ್ಲಿನ ಒಂದು ಸಾಲು, ನವಶಿಲಾಯುಗದವ್ರು ದನ, ಮನುಷ್ಯಾರ ಚಿತ್ರ ಕುಟ್ಟಿ ಕೆತ್ತ್ಯಾರ. ಕೆಲವು ಬಂಡಿಯೊಳಗ ಕುಳಿ ಅದಾವ, ಆ ಕುಳಿಯಾಗ ಕಲ್ಲಿನಿಂದ ಹೊಡದ್ರ ಗಂಟಿಯಂಗ ಸಪ್ಪಳ ಬರ್ತೈತಿ, ಹೊಡದು ಹೊಡದ ಕುಳಿ ಬಿದ್ದಿರಬೇಕು ಅಂತ ಸಂಶೋಧಕರು ಬರದಾರ. ಸಾವಿರಾರು ವರ್ಷದ ವಾದ್ಯ. ಸರ್, ಅದರ ಸಪ್ಪಳದ ತುಣುಕು ಸ್ಯಾಂಪಲ್ ಮಾಡಿ, ಮ್ಯಾಲಿಂದ ಮ್ಯಾಲೆ ಬರೋವಂಗ ಲೂಪ್ ಹಾಕೋಣೇನ್ರಿ ಅಂದ ಅವ. ಹಾಕಬಹುದು ತಮ್ಮಾ, ಆದ್ರ ಸುತ್ತಿಗಿ ಹಿಡಕೊಂಡು ದಂಡು ಕಟ್ಕೊಂಡು ಹೋಗಬ್ಯಾಡ್ರಿ. ಆ ಗುಡ್ಡಕ್ಕ ಕಲ್ಲು ಕ್ವಾರಿಯವ್ರ ಕಾಟನ ಸಾಕಷ್ಟಾಗೈತಿ. ಒಬ್ಬರು, ತಿಳಿದವರ ಒಪ್ಪಿಗಿ ತಗೊಂಡು, ಕೈಯಾಗ ಸಣ್ಣ ಕಲ್ಲು ಹಿಡದು, ಚಲೋ ಮೈಕಿನಾಗ ಒಂದು ಸಲ ರೆಕಾರ್ಡ್ ಮಾಡಿದ್ರ ಎಲ್ಲಾರಿಗೂ ಆತು. ಕಾಪಿ ಆಗೋದ ಈ ಸಾಮಾನಿನ ದೊಡ್ಡ ಉಪಕಾರ.

ಈ ಕೆಲಸಕ್ಕ ಏನೇನು ಸಾಮಾನು ಬೇಕು ಅಂತ ಕೇಳಿದ್ರಿ. ಹಳೇ ಲ್ಯಾಪ್‌ಟಾಪ್, ಎರಡು ಮೈಕನ್ನ ಲ್ಯಾಪ್‌ಟಾಪಿಗೆ ಕೂಡ್ಸೋ ಇಂಟರ್‌ಫೇಸ್ ಡಬ್ಬಿ, ಕಿವಿಗೆ ಕುಂದ್ರೋ ಹೆಡ್‌ಫೋನ್. ರೀಪರ್ ಅಂತ ಸಾಫ್ಟ್‌ವೇರ್ ಐತಿ, ನಾನು ಅದನ್ನ ಬಳಸ್ತೀನಿ. ಅದಕ್ಕಿಂತ ಮುಖ್ಯ ಎರಡು ಕೆಲಸ: ಕತ್ತರಿಸಲಾರದ ಪೂರ್ತಿ ಟೇಕನ್ನ ಪೆನ್‌ಡ್ರೈವಿನಾಗ ಹಾಕಿ ನುಡಿಸಿದವ್ರ ಕೈಗೆ ಕೊಡ್ರಿ, ಮತ್ತ ಹಾಡಿನ ಕೆಳಗ ಎಲ್ಲಾರ ಹೆಸರು ಬರೀರಿ, ಕತ್ತರಿಸಿದವ್ರದ್ದೂ ಸೇರಿಸಿ. ಹಾಡು ಹಾಳಾಗಿದ್ರ ಯಾರನ್ನ ಬೈಬೇಕು ಅಂತ ಮಂದಿಗೆ ಗೊತ್ತಾಗಬೇಕಲ್ಲ.

ಹೊರಡೋ ಹೊತ್ತಿಗೆ ಹಾರ್ಮೋನಿಯಂ ಮಾಸ್ತರ್ ಮತ್ತ ಕೇಳಿದ್ರು, ನಿಮ್ಮ ಭಜನಿ ಮಂಡಳಿಯವ್ರು ಇಂಥಾದ್ದಕ್ಕ ಒಪ್ತಾರೇನು ಅಂತ. ಅದಕ್ಕ ಖರೇ ಉತ್ತರ, ವಾದ್ಯಕ್ಕ ಒಪ್ತಾರ, ಪದಕ್ಕ ಒಪ್ಪಂಗಿಲ್ಲ. ಒಂದು ತತ್ವಪದಕ್ಕ ನಾನು ಏಕತಾರಿ, ದಮ್ಮಡಿ ಕತ್ತರಿಸಿ ತಿರಗಿಸಿ ಉದ್ದ ಮಾಡಿ, ಹಾಡಿನ ನುಡಿಗಳನ್ನೂ ಹಿಂದ ಮುಂದ ಇಟ್ಟು ಕೇಳಿಸಿದ್ದೆ. ಮಂಡಳಿಯ ಹಿರೇರು ಕಣ್ಮುಚ್ಚಿ ಕೇಳಿದ್ರು, ದಮ್ಮಡಿ ತೊದಲೋ ಜಾಗದಾಗ ನಕ್ಕರು ಕೂಡ. ಆಮ್ಯಾಲೆ ಕೇಳಿದ್ರು: "ಅಂಕಿತ ನಡುವ ಯಾಕ ಬಂತಪಾ? ಗುರುವಿನ ಹೆಸರು ಬಂದ ಮ್ಯಾಲೆ ಪದ ಮುಗೀತು, ಮುಂದ ಹಾಡೋದು ಯಾರ ಪದ?" ಮಾತಿಲ್ಲದ ಜಾಝಿಗೆ ಈ ತೊಡಕಿಲ್ಲ, ಟ್ರಂಪೆಟ್ಟಿನ ತುಂಡನ್ನ ಎಲ್ಲಿ ಬೇಕಾದ್ರೂ ಇಡಬಹುದು. ನುಡಿಗಳನ್ನ ಅವುಗಳ ಜಾಗಕ್ಕ ವಾಪಸ್ ಇಟ್ಟೆ, ದಮ್ಮಡಿ ತೊದಲೋದನ್ನ ಹಂಗ ಬಿಟ್ಟೆ. ಆ ಪದ ಈಗ ಹಂಗ ಐತಿ, ಬೇಕಾದವ್ರು ಕೇಳ್ರಿ, ಫೋನಿನಾಗ ಐತಿ, ಕಳಸ್ತೀನಿ.